‘ಗಮನಾರ್ಹ’ ಅಂದರೆ ಗಮನಕ್ಕೆ ಅರ್ಹವೇ?

ಮೈಸೂರು, ಮಂಡ್ಯದ ಕಡೆ ನರ್ಸಿಂಗ್ ವಿದ್ಯಾರ್ಥಿಗಳಿಂದ ಸಂಶೋಧನಾ ಲೇಖನದ ಸಾರವನ್ನು ವಾರ್ಡಿನ ಫಲಕಕ್ಕೆ ಕನ್ನಡದಲ್ಲಿ ಬರೆಸುವಾಗ ಒಂದು ಪದ ಪದೇಪದೇ ಕಾಲಿಗೆ ತೊಡರುತ್ತದೆ: ‘ಸಿಗ್ನಿಫಿಕೆಂಟ್’. ಎಲ್ಲರ ಕೈಗೆ ಮೊದಲು ಸಿಗುವುದು ‘ಗಮನಾರ್ಹ’. ಇದಕ್ಕಿಂತ ಸರಿಯಾದದ್ದು ಯಾರ ಬಳಕೆಯಲ್ಲಾದರೂ ಇದೆಯೇ?

ತಕರಾರಿರುವುದು ‘ಅರ್ಹ’ದಲ್ಲಿ. ಲೇಖನಗಳಲ್ಲಿ ‘ಸಿಗ್ನಿಫಿಕೆಂಟ್’ ಎನ್ನುವುದು ಸಾಮಾನ್ಯವಾಗಿ ಪಿ ಮೌಲ್ಯ ಎಂಬ ಸಂಖ್ಯಾಶಾಸ್ತ್ರದ ಲೆಕ್ಕ 0.05ಕ್ಕಿಂತ ಕಡಿಮೆ ಬಂದಾಗ. ಹಾಗೆ ಬಂತು ಅಂದರೆ ಇಷ್ಟೇ: ಎರಡು ಗುಂಪುಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ, ಇಷ್ಟು ಅಥವಾ ಇದಕ್ಕೂ ಹೆಚ್ಚಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ 100ರಲ್ಲಿ 5ಕ್ಕಿಂತ ಕಡಿಮೆ. ರೋಗಿಗೆ ಏನಾದರೂ ಹಿತವಾಯಿತೇ ಎಂಬ ಮಾತೇ ಅಲ್ಲಿಲ್ಲ. 0ಯಿಂದ 10ರ ನೋವಿನ ಅಳತೆಯಲ್ಲಿ ಸರಾಸರಿ 6.2 ಇದ್ದದ್ದು 5.9ಕ್ಕೆ ಇಳಿಯಿತು ಎಂದುಕೊಳ್ಳಿ. ಸಾವಿರಾರು ರೋಗಿಗಳಿದ್ದರೆ ಅದೂ ‘ಗಮನಾರ್ಹ’ವೇ. ಮಂಚದ ಮೇಲೆ ಮಲಗಿದವರಿಗೆ ಆ 0.3 ಗೊತ್ತೂ ಆಗದು.

ಉಲ್ಟಾ ಹೊಡೆದಾಗ ಇನ್ನೂ ಕಷ್ಟ. ‘ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ’ ಎಂಬುದು ಎರಡನೇ ಕೈಗೆ ಹೋಗುವಷ್ಟರಲ್ಲಿ ‘ವ್ಯತ್ಯಾಸವಿಲ್ಲ’, ಮೂರನೆಯವರ ಬಾಯಲ್ಲಿ ‘ಉಪಯೋಗವಿಲ್ಲ’. ಹೊಸ ಹಾಸಿಗೆಯಿಂದ ಬೆನ್ನುಹುಣ್ಣಿನ ಅಪಾಯದ ಅನುಪಾತ (ಹಳೆಯ ಹಾಸಿಗೆಯ ಅಪಾಯವನ್ನು 1 ಎಂದಿಟ್ಟುಕೊಂಡರೆ ಹೊಸದರದ್ದು) 0.6, ಶೇ 95ರ ವಿಶ್ವಾಸ ವ್ಯಾಪ್ತಿ (ಕಾನ್ಫಿಡೆನ್ಸ್ ಇಂಟರ್‌ವಲ್, ಅಂದರೆ ಸಿಕ್ಕ ಮಾಹಿತಿಗೆ ಹೊಂದುವ ಅನುಪಾತಗಳ ಎಲ್ಲೆ) 0.3ರಿಂದ 1.2 ಎಂದಿದ್ದರೆ, ಅಪಾಯ ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿದಿರಲೂಬಹುದು, ತುಸು ಏರಿರಲೂಬಹುದು. ತೀರ್ಮಾನಕ್ಕೆ ಮಾಹಿತಿ ಸಾಲದು ಅಂತ ಅರ್ಥ, ಹಾಸಿಗೆ ದಂಡ ಅಂತಲ್ಲ.

‘ಗಮನಾರ್ಹ’ದ ಬದಲಿಗೆ ‘ಸಾರ್ಥಕ’ ಬೇಡ, ಜನ್ಮ ಸಾರ್ಥಕವಾದ ಧ್ವನಿ ಬರುತ್ತದೆ. ‘ಆಕಸ್ಮಿಕ ಎನ್ನಲು ಕಷ್ಟವಾದ ವ್ಯತ್ಯಾಸ’ ಉದ್ದವಾಯಿತು, ಆದರೆ ಸುಳ್ಳು ಹೇಳುವುದಿಲ್ಲ. ಚಿಕಿತ್ಸೆಯ ದೃಷ್ಟಿಯಿಂದ ದೊಡ್ಡದಾದರೆ ‘ರೋಗಿಗೆ ತಿಳಿಯುವಷ್ಟು ವ್ಯತ್ಯಾಸ’ ಎಂದು ಬೇರೆಯೇ ಬರೆಯಬಹುದು.

ಜೊತೆಗೆ ‘ರಷ್ಟು’. ‘ಶೇ 30ರಷ್ಟು ಇಳಿಯಿತು’, ‘ಶೇ 30ಕ್ಕೆ ಇಳಿಯಿತು’ ಇವೆರಡರ ನಡುವೆ ಒಂದು ಪ್ರತ್ಯಯದ ಅಂತರ, ಅರ್ಥ ಮಾತ್ರ ಎಲ್ಲಿಂದೆಲ್ಲಿಗೋ. ಇನ್ನು 100 ಮಂದಿಯಲ್ಲಿ 4 ಜನಕ್ಕೆ ತಗಲುತ್ತಿದ್ದ ಸೋಂಕು 2 ಜನಕ್ಕೆ ಇಳಿದರೆ, ಇದ್ದದ್ದರಲ್ಲಿ ಅರ್ಧ ಇಳಿಯಿತೆಂದು ಒಬ್ಬರು ಶೇ 50 ಎನ್ನುತ್ತಾರೆ, 100ರಲ್ಲಿ 2 ಇಳಿಯಿತೆಂದು ಇನ್ನೊಬ್ಬರು ಶೇ 2 ಎನ್ನುತ್ತಾರೆ. ಫಲಕಕ್ಕೆ ‘100ಕ್ಕೆ 4 ಇದ್ದದ್ದು 2 ಆಯಿತು, ಒಬ್ಬರಿಗೆ ಸೋಂಕು ತಪ್ಪಬೇಕಾದರೆ 50 ಮಂದಿಗೆ ಹೀಗೆ ಮಾಡಬೇಕು’ ಎಂದೇ ಬರೆಯುವುದು ಮೇಲು.

ಮೇಲೆ ಬಳಸಿದ ‘ವಿಶ್ವಾಸ ವ್ಯಾಪ್ತಿ’ಯೂ ಹಿಡಿಸಿಲ್ಲ. ಮಂಡ್ಯದ ಮಾತಲ್ಲಿ ವಿಶ್ವಾಸ ಅಂದರೆ ಒಡನಾಟದ ಪ್ರೀತಿ. ಬದಲಿಗೆ ‘ಅಂದಾಜಿನ ಹರವು’ ನಡೆದೀತೇ?