ರಾತ್ರಿಯಿಡೀ ಓಡುವ ಸ್ವಿಚ್‌ಗಳು: ಕರೆಂಟ್ ಉಳಿಸೋದು ಹೇಗೆ?

ಹಾಸನ_ಲ್ಯಾಬ್:
ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್‌ಗಳನ್ನು ಕೇಬಲ್ಲಿನಲ್ಲಿ ಒಂದಕ್ಕೊಂದು ಜೋಡಿಸುವ ಹತ್ತು ನೆಟ್‌ವರ್ಕ್ ಸ್ವಿಚ್‌ಗಳಿವೆ, ಒಂದೊಂದಕ್ಕೂ 24 ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಜಾಗ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೂ ಓಡುತ್ತಲೇ ಇರುತ್ತವೆ. ಒಂದಕ್ಕೆ 20 ವ್ಯಾಟ್ ಎಂದು ಹಿಡಿದರೂ ತಿಂಗಳಿಗೆ 144 ಯೂನಿಟ್ ಆಯಿತು. ಇವನ್ನು ತೆಗೆದು ವಿದ್ಯುತ್ ಉಳಿಸುವ ಹೊಸ ಸ್ವಿಚ್ ಹಾಕಿಸಿ ಅಂತ ಪ್ರಿನ್ಸಿಪಾಲರನ್ನು ಕೇಳೋಣ ಅಂತಿದ್ದೇನೆ. ಏನಂತೀರಿ?

ಬೇಲೂರು_ಕೇಬಲ್:
ಖಂಡಿತ ಕೇಳಿ ಮೇಡಂ. ಹಳೇ ಗಿಗಾಬಿಟ್ ಲಿಂಕಿನಲ್ಲಿ (ಸೆಕೆಂಡಿಗೆ ನೂರು ಕೋಟಿ ಬಿಟ್ ವೇಗದ ಕೇಬಲ್ ಸಂಪರ್ಕ) ಡೇಟಾ ಇರಲಿ ಬಿಡಲಿ, ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳಲ್ಲಿ ಸಿಗ್ನಲ್ ಹರಿಯುತ್ತಲೇ ಇರುತ್ತದೆ. ಅದಕ್ಕೆಂದೇ 2010ರಲ್ಲಿ ಎಂಜಿನಿಯರ್‌ಗಳ ಸಂಸ್ಥೆ ಐಇಇಇಯ 802.3ಎಝಡ್ ಮಾನದಂಡ ಬಂತು. ಕೆಲಸ ಇಲ್ಲದಾಗ ಪೋರ್ಟ್ ನಿದ್ದೆಗೆ ಜಾರುತ್ತದೆ. ಡೇಟಾದ ತುಣುಕು (ಪ್ಯಾಕೆಟ್) ಬಂದರೆ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಎದ್ದುಬಿಡುತ್ತದೆ.

ಮೂಡಿಗೆರೆಯವ:
ಪೂರ್ತಿ ಒಪ್ಪಲ್ಲ ಸರ್. ನಿದ್ದೆ ಮಾಡೋದು ಪೋರ್ಟಿನ ಭಾಗ ಮಾತ್ರ. ಒಳಗಿನ ದೊಡ್ಡ ಚಿಪ್, ಪವರ್ ಸಪ್ಲೈ, ಫ್ಯಾನ್ ಎಲ್ಲ ಎದ್ದೇ ಇರುತ್ತವೆ. ಕೇಬಲ್ಲಿನ ಎರಡೂ ತುದಿಯಲ್ಲಿ ಈ ಸೌಲಭ್ಯ ಇರಬೇಕು ಬೇರೆ. ರಾತ್ರಿ ಕಂಪ್ಯೂಟರ್‌ಗಳೇ ಆಫ್ ಆಗಿರುವಾಗ ಪೋರ್ಟಿನಲ್ಲಿ ಉಳಿಸೋಕೆ ಏನಿದೆ? ಸ್ವಿಚ್ಚನ್ನೇ ಆಫ್ ಮಾಡಿ.

ಹಾಸನ_ಲ್ಯಾಬ್:
ಎರಡು ಸ್ವಿಚ್‌ಗಳಲ್ಲಿ ಸಿಸಿಟಿವಿ ಕ್ಯಾಮೆರಾಗಳಿವೆ. ಅವು ರಾತ್ರಿ ಬೇಕೇ ಬೇಕು.

ಮೂಡಿಗೆರೆಯವ:
ಕ್ಯಾಮೆರಾಗಳನ್ನೆಲ್ಲ ಒಂದೇ ಸ್ವಿಚ್ಚಿಗೆ ತನ್ನಿ. ಉಳಿದ ಒಂಬತ್ತಕ್ಕೆ ಟೈಮರ್ ಹಾಕಿ. ದಿನಕ್ಕೆ 14 ಗಂಟೆ ಆಫ್ ಇದ್ದರೆ ತಿಂಗಳಿಗೆ 75 ಯೂನಿಟ್ ಉಳಿಯುತ್ತದೆ, ಒಂದೂ ಹೊಸ ಸ್ವಿಚ್ ಕೊಳ್ಳದೆ.

ಬೇಲೂರು_ಕೇಬಲ್:
ಟೈಮರ್ ಹಾಕೋ ಮುಂಚೆ ಪ್ರತಿ ಸ್ವಿಚ್ಚಿನ ಸೆಟ್ಟಿಂಗ್ ಸೇವ್ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಬೆಳಗ್ಗೆ ವಿಎಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಗುಂಪಾಗಿ ವಿಂಗಡಿಸುವ ಸೆಟ್ಟಿಂಗ್) ಎಲ್ಲ ಹಾರಿಹೋಗಿ, ಲ್ಯಾಬ್ ಶುರುವಾಗೋ ಹೊತ್ತಿಗೆ ಪರದಾಡಬೇಕಾಗುತ್ತದೆ. ಇನ್ನೊಂದು ಮಾತು, ಹಗಲಿಡೀ ಅರ್ಧಂಬರ್ಧ ಬಳಕೆಯ ಲಿಂಕ್‌ಗಳಿಗೆ ನಾನು ಹೇಳಿದ 802.3ಎಝಡ್ ಮಾನದಂಡದಿಂದ ಲಾಭ ಇದ್ದೇ ಇದೆ. ಕೆಟ್ಟ ಸ್ವಿಚ್ ಬದಲಿಸುವಾಗಲಾದರೂ ಅದಿರುವುದನ್ನೇ ತಗೊಳ್ಳಿ.

ಕಳಸ_ಹೋಂಸ್ಟೇ:
ನಡುವೆ ಬಾಯಿ ಹಾಕ್ತಿದ್ದೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಬೇಗ ಬರಲ್ಲ. ಹಗಲು ಹೊತ್ತಿನಲ್ಲಿ ಬರೀ ವೈಫೈಗೋಸ್ಕರ ದೊಡ್ಡ ಇನ್ವರ್ಟರ್ ಓಡಿಸ್ತೀವಿ. ಬ್ಯಾಟರಿ ಸುಮ್ನೆ ಖಾಲಿಯಾಗುತ್ತೆ.

ಮೂಡಿಗೆರೆಯವ:
ನಷ್ಟ ಅಲ್ಲೇ ಆಗ್ತಿರೋದು ಅಕ್ಕ. ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ 230ಕ್ಕೆ ಏರಿಸುತ್ತದೆ, ರೌಟರಿನ ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುತ್ತದೆ. ಎರಡು ಸಲವೂ ಸ್ವಲ್ಪ ಸ್ವಲ್ಪ ಶಾಖವಾಗಿ ಹೋಗುತ್ತದೆ. ಅದರ ಮೇಲೆ ಇನ್ವರ್ಟರ್ ತಾನು ಆನ್ ಇರೋದಕ್ಕೇ ಒಂದಿಷ್ಟು ತಿನ್ನುತ್ತದೆ. ಹತ್ತು ವ್ಯಾಟಿನ ರೌಟರಿಗೆ ಅದು ತುಂಬಾ ಜಾಸ್ತಿ. 230ಕ್ಕೆ ಏರಿಸದೆ ನೇರವಾಗಿ ಡಿಸಿ (ರೌಟರಿಗೆ ಬೇಕಾದಂಥ ಕರೆಂಟ್) ಕೊಡುವ ಚಿಕ್ಕ ಯುಪಿಎಸ್, ಅಂದರೆ ಬ್ಯಾಟರಿ ಡಬ್ಬ, ಸಿಗುತ್ತದೆ, ಅದನ್ನು ಹಾಕಿ.

ಕಳಸ_ಹೋಂಸ್ಟೇ:
ಫೈಬರ್ ಡಬ್ಬ ಬೇರೆ, ರೌಟರ್ ಬೇರೆ ಇದೆ. ಎರಡಕ್ಕೂ ಒಂದೇ ಸಾಕಾ?

ಬೇಲೂರು_ಕೇಬಲ್:
ಎರಡೂ ಅಡಾಪ್ಟರಿನ ಹಿಂದೆ ಔಟ್‌ಪುಟ್ ಅಂತ ಬರೆದಿರುವ ಸಾಲು ಓದಿ. ಎರಡೂ 12 ವೋಲ್ಟ್ ಇದ್ದು, ಎರಡರ ಆಂಪಿಯರ್ ಕೂಡಿದ್ದು ಯುಪಿಎಸ್ ಕೊಡುವುದಕ್ಕಿಂತ ಕಡಿಮೆ ಇದ್ದರೆ ಒಂದೇ ಸಾಕು. ಕೆಲವು ರೌಟರ್‌ಗಳದ್ದು 9 ವೋಲ್ಟ್ ಇರುತ್ತದೆ, ಅದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.