‘ಐ ಆಮ್ ನಾಟ್ ಇನ್ ಲವ್’ ಹಾಡಿನ ಹಿನ್ನೆಲೆಯ ಕಂಠಗಳು ಹುಟ್ಟಿದ್ದು ಹೇಗೆ?

ಸರಸ್ವತಿಪುರಂ ಕೀಬೋರ್ಡ್:
ಆರ್ಟ್ ರಾಕ್ ತಂಡ ಟೆನ್ ಸಿಸಿಯ 1975ರ ಈ ಹಾಡನ್ನು ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನುಡಿಸಲು ಅಭ್ಯಾಸ ಮಾಡುತ್ತಿದ್ದೇವೆ. ಗಾಯನ, ಪಿಯಾನೊ ಎಲ್ಲವೂ ಹದಕ್ಕೆ ಬಂದಿವೆ. ಆದರೆ ಹಿಂದೆ ಮಂಜಿನಂತೆ ಕವಿದಿರುವ ಕಂಠಗಳು ಮಾತ್ರ ಕೈಗೆ ಸಿಗುತ್ತಿಲ್ಲ, ಕೀಬೋರ್ಡಿನ ಕಾಯರ್ ಧ್ವನಿಯಲ್ಲಿ ಆ ಜೀವವಿಲ್ಲ. ಅವರು ದೊಡ್ಡ ವೃಂದಗಾನ ತಂಡವನ್ನು ಕರೆಸಿದ್ದರೇ? ಬಲ್ಲವರು ದಯವಿಟ್ಟು ತಿಳಿಸಿ.

ಯಾದವಗಿರಿ ಧ್ವನಿಮುದ್ರಕ:
ವೃಂದವೇನೂ ಇರಲಿಲ್ಲ, ಹಾಡಿದವರು ಮೂವರೇ. ತಂಡದ ಎರಿಕ್ ಸ್ಟೀವರ್ಟ್ ಮತ್ತು ಗ್ರಹಾಂ ಗೌಲ್ಡ್‌ಮನ್ ಇದನ್ನು ಮೊದಲು ಬ್ರೆಜಿಲ್ಲಿನ ಬೋಸಾ ನೋವಾ ಲಯದಲ್ಲಿ ಕಟ್ಟಿ, ಒಪ್ಪಿಗೆಯಾಗದೆ ಕೈಬಿಟ್ಟಿದ್ದರು. ಮತ್ತೆ ಎತ್ತಿಕೊಂಡಾಗ ಕಂಠಗಳಿಂದಲೇ ತುಂಬೋಣವೆಂದವರು ತಂಡದ ಇನ್ನೊಬ್ಬ ಸದಸ್ಯ ಕೆವಿನ್ ಗಾಡ್ಲೆ; ಟೇಪನ್ನು ಕುಣಿಕೆಯಾಗಿಸಿ ನಿಲ್ಲದಂತೆ ಓಡಿಸುವ ಟೇಪ್ ಲೂಪಿನ ಉಪಾಯ ನಾಲ್ಕನೆಯವರಾದ ಲಾಲ್ ಕ್ರೀಮ್ ಅವರದು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಗಾಡ್ಲೆ, ಕ್ರೀಮ್, ಗೌಲ್ಡ್‌ಮನ್ ಒಂದೊಂದು ಸ್ವರವನ್ನೂ 16 ಬಾರಿ ಹಾಡಿದ್ದರಿಂದ ಸ್ವರಕ್ಕೆ 48 ಕಂಠಗಳಾದವು; ಷಡ್ಜದಿಂದ ಮೇಲಿನ ಷಡ್ಜದವರೆಗೆ 13 ಸ್ವರಸ್ಥಾನಗಳಿಗೆ 624.

ಪ್ರತಿ ಸ್ವರದ ಟೇಪನ್ನೂ ಕತ್ತರಿಸಿ, ತುದಿಗಳನ್ನು ಅಂಟಿಸಿ, ಸುಮಾರು 12 ಅಡಿಯ ಕುಣಿಕೆ ಮಾಡಿ ಮೈಕ್ ಸ್ಟ್ಯಾಂಡಿನ ಸುತ್ತ ಹಾಯಿಸಿ ಓಡಿಸಿದರು. ಅಷ್ಟುದ್ದ ಏಕೆಂದರೆ, ಬೆಸುಗೆ ಹಾದಾಗಲೆಲ್ಲ ಸಣ್ಣ ‘ಟಿಕ್’ ಕೇಳುತ್ತದೆ; ಕುಣಿಕೆ ಉದ್ದವಾದಷ್ಟೂ ಅದು ಅಪರೂಪ. ನಾನೂ ಬ್ಲೇಡಿನಿಂದ ಓರೆಯಾಗಿ ಟೇಪ್ ಕೊಯ್ದವನು, ಎಷ್ಟು ನಾಜೂಕಾಗಿ ಅಂಟಿಸಿದರೂ ಅದು ಪೂರ್ತಿ ಅಡಗುವುದಿಲ್ಲ. ಕೊನೆಗೆ ಮಿಕ್ಸರಿನ ಒಂದೊಂದು ಫೇಡರಿಗೆ (ಧ್ವನಿಯ ಮಟ್ಟ ಏರಿಳಿಸುವ ಜಾರುಗುಂಡಿ) ಒಂದೊಂದು ಸ್ವರ ಕೊಟ್ಟು, ತಂಡದ ನಾಲ್ವರೂ ಕುಳಿತು, ವಾದ್ಯ ನುಡಿಸಿದಂತೆ ಏರಿಸಿ ಇಳಿಸಿದರು. ಫೇಡರ್‌ಗಳು ಪೂರ್ತಿ ಮುಚ್ಚದಂತೆ ಕೆಳಗೆ ಅಂಟುಪಟ್ಟಿ ಅಡ್ಡ ಅಂಟಿಸಿದ್ದರಿಂದ ಎಲ್ಲ ಸ್ವರಗಳೂ ಸದಾ ಸಣ್ಣಗೆ ಕೇಳುತ್ತಿದ್ದವು. ನಡುವೆ ಪಿಸುಗುಡುವ ಹೆಣ್ಣುದನಿ ಸ್ಟುಡಿಯೊದ ಸ್ವಾಗತಕಾರಿಣಿಯದು. ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಕುವೆಂಪುನಗರ ವೀಣೆ:
ಹಾಗಾದರೆ ಇದು ತಂಬೂರಿಯ ಶ್ರುತಿಯಂತೆಯೇ ಎನ್ನಿಸಬಹುದು, ಆದರೆ ಅಲ್ಲ. ತಂಬೂರಿಯಲ್ಲಿ ನಾವು ಸಾಮಾನ್ಯವಾಗಿ ಷಡ್ಜ ಪಂಚಮಗಳನ್ನಷ್ಟೇ ಮೀಟುತ್ತೇವೆ. ಇಲ್ಲಿ ಪರಸ್ಪರ ಹೊಂದದ ಸ್ವರಗಳೂ ಸದಾ ತೆಳುವಾಗಿ ಉಸಿರಾಡುತ್ತಿರುತ್ತವೆ, ಆ ಮಂಜು ಅದೇ. ಒಂದು ಸಲ ಹಾಡಿದ್ದನ್ನೇ ನಕಲು ಮಾಡಿ ಪೇರಿಸಬೇಡಿ. ಪ್ರತಿ ಸಲವೂ ಹೊಸದಾಗಿ ಹಾಡಿ. ಒಂದು ಕೂದಲೆಳೆಯಷ್ಟು ಶ್ರುತಿ ಆಚೀಚೆಯಾಗುವುದರಲ್ಲೇ ಜೀವವಿದೆ.

ಸರಸ್ವತಿಪುರಂ ಕೀಬೋರ್ಡ್:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ನಾವು ಮೂವರು ಷಡ್ಜವೊಂದನ್ನೇ ಎಂಟು ಬಾರಿ ಹಾಡಿ ಲ್ಯಾಪ್‌ಟಾಪಿನಲ್ಲಿ ಪೇರಿಸಿದೆವು. ಐದನೆಯ ಪದರದ ಹೊತ್ತಿಗೆ ಯಾರ ದನಿ ಯಾವುದೆಂಬುದೇ ತಿಳಿಯದಾಯಿತು. ಇಂದು ಸಂಜೆ ರಿಷಭಗಳಿಗೆ ಕೂರುತ್ತೇವೆ.