ವಿರಾಜಪೇಟೆಯಿಂದ ಅತ್ತೂರಿಗೆ: ಇತಿಹಾಸ, ಹೋಗುವ ಸಮಯ

ಪ್ರಶ್ನೆ: ಸಂತ ಲಾರೆನ್ಸರ ಹಬ್ಬ ಆಗಸ್ಟ್ 10ಕ್ಕಲ್ಲವೇ? ಕಾರ್ಕಳದ ಬಳಿ ಅವರ ಚರ್ಚಿರುವ ಅತ್ತೂರಿಗೆ ಆಗಲೇ ಹೋಗಬೇಕಾ? ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿಗೂ ಅದಕ್ಕೂ ನಂಟಿದೆಯೇ?

ಉತ್ತರ 1: ಚರ್ಚ್ ಕ್ಯಾಲೆಂಡರಿನ ಹಬ್ಬ ಆಗಸ್ಟ್ 10 ನಿಜ, ಆದರೆ ಜನಸಾಗರ ಸೇರುವ ಅತ್ತೂರಿನ ವಾರ್ಷಿಕ ಜಾತ್ರೆ ಸಾಂತ್‌ಮಾರಿ ಜನವರಿ ಕೊನೆಗೆ. ಇಲ್ಲೇ ಹಲವರು ಎಡವುವುದು. ಆಗಸ್ಟ್‌ನಲ್ಲಿ ದಾರಿಯ ಸಂಪಾಜೆ ಘಾಟಿಯಲ್ಲಿ ಗುಡ್ಡ ಕುಸಿಯುವ ಭಯ ಬೇರೆ. ರಸ್ತೆ ವಿಚಾರಿಸದೆ ದಯವಿಟ್ಟು ಹೊರಡಬೇಡಿ.

ಉತ್ತರ 2: ನಂಟು ಕಾಲದ್ದು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಅತ್ತೂರಿನ ಚರ್ಚೂ ಹಾಳಾಯಿತು. ತಪ್ಪಿಸಿಕೊಂಡವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ, 1792ರಲ್ಲಿ ವಿರಾಜಪೇಟೆಯ ಚರ್ಚು ಎದ್ದಿತು. 1799ರಲ್ಲಿ ಟಿಪ್ಪು ಸತ್ತ ನಂತರ ಊರಿಗೆ ಮರಳಿದವರು ಅತ್ತೂರನ್ನು ಮತ್ತೆ ಕಟ್ಟಿದರು.

ಉತ್ತರ 1: ಅತ್ತೂರಿನಲ್ಲಿ ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆಯನ್ನು ತಪ್ಪದೆ ನೋಡಿ. ಅವರ ಗುರುತು ಕಬ್ಬಿಣದ ಜಾಲರಿ: 258ರಲ್ಲಿ ರೋಮಿನಲ್ಲಿ ಅದರ ಮೇಲೆ ಸುಟ್ಟರೆಂಬ ನಂಬಿಕೆ. 2016ರಿಂದ ಅತ್ತೂರು ಚರ್ಚು ಬೆಸಿಲಿಕಾ, ಅಂದರೆ ಪೋಪ್ ವಿಶೇಷ ಗೌರವ ಕೊಟ್ಟ ಚರ್ಚು.